ಕೈ ಪೂರ್ತಿ

ನಮ್ಮ ಕಾರ್ಖಾನೆಯಲ್ಲಿ ಗ್ಲೌಸನ್ನು ಗ್ಲೌಸು ಎನ್ನುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಬರೀ ಕೈ. ಇವತ್ತು ಎಷ್ಟು ಕೈ ಬಂತು, ಆ ಬುಟ್ಟಿಯ ಕೈ ಇನ್ನೂ ಒಣಗಿಲ್ಲ, ಎಡಗೈ ಬಲಗೈ ಬೆರೆಸಬೇಡ್ರೇ ಎಂದು ಮಾತು ನಡೆಯುತ್ತಿರುತ್ತದೆ. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೆ ಬಂದ ದಾರಿಯಲ್ಲೇ ಹಿಂದಿರುಗಬೇಕು, ಹಾಗಿರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಹಾಕಿಕೊಳ್ಳುವ ತೆಳು ರಬ್ಬರಿನ ಗ್ಲೌಸು ನಾವು ಮಾಡುವುದು. ಪಿಂಗಾಣಿಯ ಕೈಗಳು ಚೈನಿಗೆ ತೂಗುಬಿದ್ದು ಸಾಲಾಗಿ ಬಂದು, ರಬ್ಬರ್ ಹಾಲಿನ ತೊಟ್ಟಿಯಲ್ಲಿ ಮುಳುಗಿ ಎದ್ದು, ಬಿಸಿಗಾಳಿಯ ಗೂಡನ್ನು ಹೊಕ್ಕು ಆಚೆ ಬರುತ್ತವೆ. ಅವುಗಳ ಮೈಮೇಲೆ ಕೂತ ಪದರವನ್ನು ಸುಲಿದರೆ ಗ್ಲೌಸು.

ನಾನು ಕೂರುವುದು ತಪಾಸಣೆಯ ಕೋಣೆಯಲ್ಲಿ. ಗಾಳಿಯ ನಳಿಗೆಗೆ ಗ್ಲೌಸಿನ ಬಾಯಿ ಸಿಕ್ಕಿಸಿ ಪೆಡಲು ತುಳಿದರೆ ಅದು ಬುಸ್ಸೆಂದು ಉಬ್ಬಿ ನೆಟ್ಟಗೆ ನಿಲ್ಲುತ್ತದೆ. ದೀಪದ ಎದುರು ತಿರುಗಿಸಿ ನೋಡಬೇಕು. ತೂತಿದೆಯೇ, ಗುಳ್ಳೆ ಇದೆಯೇ, ಯಾವುದಾದರೂ ಬೆರಳು ಒಳಗೇ ಅಂಟಿಕೊಂಡಿದೆಯೇ. ಹುಳುಕು ಕಂಡರೆ ಕತ್ತರಿಯಿಂದ ಕತ್ತರಿಸಿ ಡಬ್ಬಕ್ಕೆ ಎಸೆಯಬೇಕು. ಒಂದು ಬುಟ್ಟಿ ಮುಗಿದಾಗ ಕೊನೆಯ ಗ್ಲೌಸನ್ನು ಉಬ್ಬಿಸಿ, ತಲೆಯ ಮೇಲೆ ಎತ್ತಿ ಹಿಡಿದು ‘ಕೈ ಪೂರ್ತಿ’ ಎಂದು ಕೂಗಬೇಕು. ಕೋಣೆಯಲ್ಲಿ ಇರುವವರೆಲ್ಲ ತಮ್ಮ ಕೆಲಸದಿಂದ ತಲೆ ಎತ್ತದೆಯೇ ‘ಪೂರ್ತಿ’ ಎನ್ನುತ್ತಾರೆ. ಆಮೇಲೆಯೇ ಪ್ಯಾಕಿಂಗಿನವರು ಬಂದು ಬುಟ್ಟಿ ಎತ್ತುವುದು. ಹಳೆಯ ಮೆಷಿನ್ನುಗಳ ಗದ್ದಲದಲ್ಲಿ ಕೂಗದಿದ್ದರೆ ಕೇಳುತ್ತಿರಲಿಲ್ಲವೆಂದು ಶುರುವಾದದ್ದಂತೆ. ಮೆಷಿನ್ನುಗಳು ಬದಲಾದವು, ಕೂಗು ಉಳಿಯಿತು.

ನನ್ನಿಂದ ಮಾತ್ರ ಕೂಗಲು ಆಗುತ್ತಿರಲಿಲ್ಲ. ಗ್ಲೌಸು ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ, ಯಾರಾದರೂ ನೋಡುವವರೆಗೆ. ನೋಡುತ್ತಿದ್ದವರು ಹದ್ದಮ್ಮ. ನಮ್ಮ ಕೋಣೆಯ ಮೇಲ್ವಿಚಾರಕಿ. ಸೂಜಿಮೊನೆಯಷ್ಟು ತೂತು ಕೂಡ ಅವರ ಕಣ್ಣು ತಪ್ಪಿಸಿ ಆಚೆ ಹೋಗಲಾರದು ಎಂದು ಆ ಹೆಸರು. ‘ಮೌನಗೌರೀದು ಪೂರ್ತಿಯಂತೆ ಕಣ್ರೇ’ ಎಂದು ನನ್ನ ಪರವಾಗಿ ಅವರೇ ಕೂಗುತ್ತಿದ್ದರು. ನಾನು ಓದಿದ್ದು ತತ್ತ್ವಶಾಸ್ತ್ರ. ಓದಿಗೆ ತಕ್ಕ ಕೆಲಸವೆಂದರೆ ಮೇಷ್ಟ್ರಗಿರಿ. ಅದಕ್ಕೆ ಬಾಯಿ ಬೇಕು. ದಿನದ ಮಾತನ್ನೆಲ್ಲ ಸಂಜೆ ಡೈರಿಗೆ ಸುರಿಯುವವಳಿಗೆ ಬೆಳಿಗ್ಗೆ ನಲವತ್ತು ಮಕ್ಕಳ ಎದುರು ಏನು ಉಳಿದಿರುತ್ತದೆ? ಹಾಗಾಗಿ ಅಪ್ಪ ಇಲ್ಲಿಗೆ ಕರೆತಂದರು.

ಅಪ್ಪ ಇಲ್ಲಿ ಅಚ್ಚಿನ ಮೇಸ್ತ್ರಿ. ಚೈನಿನಲ್ಲಿ ತೂಗುವ ಪಿಂಗಾಣಿ ಕೈಗಳನ್ನು ಮಾಡುವವರು ಅವರು. ಮನುಷ್ಯರ ಕೈಯನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ತಿದ್ದಿ ತೀಡಿ, ಜೇಡಿ ಸುರಿದು, ಭಟ್ಟಿಯಲ್ಲಿ ಸುಡುತ್ತಾರೆ. ಏಳನೇ ಸೈಜಿನ ಕೈ ನಮ್ಮ ಅಮ್ಮನದು. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಬೆಂಚಿನ ಎದುರು ಕೂರಿಸಿ ಎರಡೂ ಕೈಯ ಅಚ್ಚು ತೆಗೆದಿದ್ದರಂತೆ. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಅವಳ ಕೈ ಮಾತ್ರ ಇನ್ನೂ ದಿನವೂ ಹಾಲಿನಲ್ಲಿ ಮುಳುಗಿ ಏಳುತ್ತಿದೆ. ‘ಸತ್ತ ಮೇಲೂ ಸೊಸೆಗೆ ರಜಾ ಕೊಟ್ಟಿಲ್ಲ ನೋಡು ನನ್ನ ಮಗ’ ಎಂದು ಅಜ್ಜಿ ಆಗಾಗ ಹೇಳುತ್ತಾಳೆ. ಅದು ಬೈಗುಳವೋ ಮೆಚ್ಚುಗೆಯೋ ಅವಳಿಗೇ ಗೊತ್ತಿರಲಾರದು.

ಕೆಲಸ ನೋಡಲು ಯಾರೇ ಬಂದರೂ ಅಪ್ಪ ಒಂದು ಮಾತು ಹೇಳದೆ ಕಳಿಸುತ್ತಿರಲಿಲ್ಲ. ದೇವರು ಮನುಷ್ಯನನ್ನು ಮಾಡಿದ್ದು ತನ್ನದೇ ಹೋಲಿಕೆಯಲ್ಲಿ, ಆದ್ದರಿಂದ ಕೈ ಮಾಡುವಾಗ ಯಾರದ್ದನ್ನು ನಕಲು ಮಾಡುತ್ತಿದ್ದೇವೆ ಎಂಬ ಎಚ್ಚರ ಇರಬೇಕು, ಎನ್ನುವ ಮಾತು. ಭಟ್ಟಿಯಿಂದ ಬಂದ ಕೈಯಲ್ಲಿ ಒಂದು ಉಗುರು ಸೊಟ್ಟಗಿದ್ದರೂ ನೆಲಕ್ಕೆ ಹಾಕಿ ಒಡೆಯುತ್ತಿದ್ದರು. ಈ ಮಾತನ್ನು ಅವರು ಕಾರ್ಖಾನೆಯಲ್ಲಿ ನೂರು ಸಲ ಹೇಳಿದ್ದಾರೆ. ಮನೆಯಲ್ಲಿ ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಮನೆಯಲ್ಲಿ ತಂಗಿ ಇದ್ದಳು. ಅವಳ ಎಡಗೈಯಲ್ಲಿ ಹುಟ್ಟಿನಿಂದಲೂ ಮೂರೇ ಬೆರಳು.

ನನಗೆ ಕೊಡಬೇಕಾದ ಬಾಯನ್ನೂ ದೇವರು ಅವಳಿಗೇ ಕೊಟ್ಟುಬಿಟ್ಟಿದ್ದಾನೆ ಎಂದು ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು. ಎಡಗೈಯ ಬಗ್ಗೆ ಅವಳಿಗೆ ನಾಚಿಕೆ ಇದ್ದದ್ದನ್ನು ನಾನು ಕಾಣೆ. ಚಿಕ್ಕವಳಿದ್ದಾಗ ಅಪ್ಪ ರಾತ್ರಿಯೆಲ್ಲ ಕೂತು ಅವಳಿಗಾಗಿ ಎರಡು ರಬ್ಬರ್ ಬೆರಳು ಮಾಡಿ ತಂದಿದ್ದರು, ಉಗುರು, ಗೆಣ್ಣು ಎಲ್ಲ ಇದ್ದವು. ಅವಳು ಅರ್ಧ ದಿನ ಹಾಕಿಕೊಂಡು ತಿರುಗಿ, ಕೊನೆಗೆ ನೀರಿನ ತೊಟ್ಟಿಗೆ ಎಸೆದಳು. ಅವು ಮುಳುಗದೆ ತೇಲಿಕೊಂಡು ಇದ್ದವು. ಅಜ್ಜಿ ನೀರು ತರಲು ಹೋಗಿ, ಕಿರುಚಿಕೊಂಡು ಓಡಿಬಂದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ನಗಲಿಲ್ಲ. ಬೆರಳುಗಳನ್ನು ಎತ್ತಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

ಗಿಣಿ ನರ್ಸಿಂಗ್ ಓದಿದಳು. ಸೂಜಿ ಚುಚ್ಚುವುದು, ಪಟ್ಟಿ ಕಟ್ಟುವುದು ಯಾವುದರಲ್ಲೂ ಹಿಂದೆ ಬೀಳಲಿಲ್ಲ. ತರಬೇತಿಯ ಕೊನೆಯಲ್ಲಿ ಅವಳು ಕೇಳಿದ್ದು ಥಿಯೇಟರಿನ ಕೆಲಸವನ್ನು. ಡಾಕ್ಟರು ಕೈ ಚಾಚಿದ ಕೂಡಲೇ ಬೇಕಾದ ಹತಾರವನ್ನು ಅಂಗೈಯಲ್ಲಿ ಇಡುವ ನರ್ಸ್ ಆಗಬೇಕೆಂಬುದು ಅವಳ ಆಸೆ. ಮೊದಲನೇ ವರ್ಷ ಒಂದು ಆಪರೇಷನ್ನನ್ನು ಗಾಜಿನಾಚೆಯಿಂದ ನೋಡಿ ಬಂದ ದಿನವೇ ಹಿಡಿದ ಹಟ. ಆದರೆ ಅಭ್ಯಾಸದ ದಿನ ಅವಳ ಎಡ ಗ್ಲೌಸಿನ ಖಾಲಿ ಬೆರಳುಗಳು ಜೋಲಾಡಿ ಹೊಲಿಗೆಯ ದಾರಕ್ಕೆ ಸಿಕ್ಕಿಕೊಂಡವು. ಮಡಚಿ ಅಂಟುಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿಕೊಂಡು ಹತಾರದ ತಟ್ಟೆಯಲ್ಲಿ ಬಿತ್ತು. ಥಿಯೇಟರಿನ ಯಜಮಾನಿಕೆ ದೊಡ್ಡ ಸಿಸ್ಟರದು. ಅವರು ಗಿಣಿಯನ್ನು ಪಕ್ಕಕ್ಕೆ ಕರೆದರಂತೆ.

ಆ ಸಂಜೆ ಅವಳು ಮನೆಗೆ ಬಂದು ಬ್ಯಾಗನ್ನು ಮೂಲೆಗೆ ಎಸೆದದ್ದು, ಅಜ್ಜಿ ಕೊಟ್ಟ ಟೀ ಮುಟ್ಟದೆ ಕೂತದ್ದು ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು.

‘ದೊಡ್ಡ ಸಿಸ್ಟರ್ ಕೆಟ್ಟೋರಲ್ಲ ಅಕ್ಕ,’ ಎಂದಳು ನನಗೆ. ‘ನಿನ್ನ ಕೈ ಮೇಲೆ ನನಗೇನೂ ತಕರಾರಿಲ್ಲ, ಗ್ಲೌಸ್ ಮೇಲೆ ತಕರಾರು ಅಂದ್ರು. ಕೈಗೆ ಸರಿಯಾಗಿ ಕೂರೋ ಗ್ಲೌಸ್ ತಂದು ತೋರಿಸು, ತಿಂಗಳ ಕೊನೆಗೆ ಪರೀಕ್ಷೆ ತಗೋತೀನಿ. ಇಲ್ಲಾಂದ್ರೆ ಹೊರರೋಗಿಗಳ ಕೌಂಟರಿಗೆ ಹಾಕ್ತೀನಿ ಅಂದ್ರು. ಚೀಟಿ ಕೊಡೋ ಕೆಲಸ.’

ಅವಳು ಕತ್ತು ತಿರುಗಿಸಿ ಅಪ್ಪನ ಕಡೆ ನೋಡಿದಳು. ಕೇಳುವುದೇನು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಊರಿಗೆಲ್ಲ ಕೈ ಮಾಡಿಕೊಡುವ ಮನುಷ್ಯ ಎದುರಿಗೇ ಕೂತಿದ್ದರು.

ಅಪ್ಪ ಚಪ್ಪಲಿಯ ಉಂಗುಷ್ಠ ಸರಿಮಾಡುತ್ತಿದ್ದವರು ಅದನ್ನೇ ಮತ್ತೆ ಮತ್ತೆ ಸರಿಮಾಡಿದರು. ಮ್ಯಾನೇಜರು ಒಪ್ಪುವುದಿಲ್ಲ ಎಂದರು ಮೊದಲು. ಆಮೇಲೆ ಚೈನಿನ ಲೆಕ್ಕ ತಪ್ಪುತ್ತದೆ ಎಂದರು. ಗಿಣಿ ಎರಡಕ್ಕೂ ಉತ್ತರ ಹೇಳಿದಳು. ಆಗ ಅವರು ನಿಜವಾದ ಮಾತಿಗೆ ಬಂದರು.

‘ಕೊರತೆ ಇರೋ ಕೈನ ನಾನು ಇಲ್ಲಿವರೆಗೂ ಇಟ್ಟುಕೊಂಡಿಲ್ಲ ಮಗಳೇ. ಒಡೆದುಹಾಕಿದೀನಿ.’

ಹೇಳಿ ಮುಗಿಸಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿರಬೇಕು. ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಗಿಣಿ ಎಂದೂ ಮಾತಿಗೆ ಸೋತವಳಲ್ಲ. ಅವತ್ತು ಎಡಗೈಯನ್ನು ಮೊದಲ ಬಾರಿಗೆ ದುಪ್ಪಟ್ಟದ ಒಳಗೆ ಎಳೆದುಕೊಂಡಳು. ಮನುಷ್ಯ ದೇವರ ಹೋಲಿಕೆ ಎಂದರೆ ಏನು ಎಂದು ಪರೀಕ್ಷೆಯಲ್ಲಿ ಆರು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಹೋಲಿಕೆ ಬುದ್ಧಿಯಲ್ಲಿದೆ, ಇಚ್ಛೆಯಲ್ಲಿದೆ, ಪ್ರೀತಿಯಲ್ಲಿದೆ ಎಂದು ಮೂರು ಪಂಥ. ಆ ಆರು ಪುಟದಿಂದ ಒಂದು ಸಾಲೂ ತುಟಿಗೆ ಬರಲಿಲ್ಲ.

ಬಾಯಿ ಬಿಟ್ಟವಳು ಅಜ್ಜಿ. ಅವಳು ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

‘ಅಲ್ವೋ, ದೇವರ ಕೈಗೆ ಐದೇ ಬೆರಳು ಅಂತ ನಿನಗೆ ಯಾರು ಹೇಳಿದ್ರು? ನೀನೇನು ಹೋಗಿ ಎಣಿಸ್ಕೊಂಡು ಬಂದಿದೀಯಾ?’

ಅಪ್ಪ, ಅಮ್ಮಾ ಸುಮ್ನಿರು ಎಂದರು.

‘ಸುಮ್ನಿದ್ದೆ. ಇಷ್ಟು ವರ್ಷ ಸುಮ್ನೇ ಇದ್ದೆ. ಊರವರ ಕೈನೆಲ್ಲ ಹಿಡಿದು ತಿರುಗಿಸಿ ನೋಡಿದೀಯ. ಇವಳ ಕೈನ ಒಂದು ದಿನ ಹಿಡ್ಕೊಂಡು ನೋಡಿದೀಯಾ? ಹೊಸ ಬೆರಳು ಮಾಡ್ಕೊಂಡು ಬಂದೆ. ಇರೋ ಬೆರಳು ನೋಡಲಿಲ್ಲ.’

ಅಪ್ಪ ಚಪ್ಪಲಿ ಬದಿಗಿಟ್ಟು ಕೈ ತೊಳೆಯಲು ಎದ್ದರು.

ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು, ಚೀಲ ಹೆಗಲಿಗೆ ಏರಿಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. ‘ಗಿಣಿ, ಬಳೆ ತೆಗೆದಿಟ್ಟು ಬಾ. ಪ್ಲಾಸ್ಟರು ಮೆತ್ಕೊಳ್ಳುತ್ತೆ.’

ಅಚ್ಚಿನ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿ, ಕಿಟಕಿಯೆಲ್ಲ ಬಿಳಿ ಧೂಳು ಮೆತ್ತಿಕೊಂಡಿದೆ. ಸಹಾಯಕ್ಕೆ ನಾನು ಹೋದೆ. ಗಿಣಿಯ ಮೊಣಕೈವರೆಗೆ ಎಣ್ಣೆ ಸವರಿ, ಮರದ ಪೆಟ್ಟಿಗೆಯಲ್ಲಿ ಕೈ ಇಡಿಸಿ, ಅಪ್ಪ ಕಲಸಿದ ಪ್ಲಾಸ್ಟರು ಸುರಿದರು. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಜ್ವರ ಬಂದ ಹಾಗೆ ಇದೆ ಎಂದು ಅವಳು ನಕ್ಕಳು. ಅಲ್ಲಾಡಬೇಡ ಎಂದು ಅಪ್ಪ ಗದರಿದರು. ಗದರುವುದು ಅವರಿಗೆ ಮಾತಾಡುವುದಕ್ಕಿಂತ ಸುಲಭ.

ನಿಜವಾದ ಕೆಲಸ ಆಮೇಲಿನದು. ಜೇಡಿ ಬೆಂಕಿಯಲ್ಲಿ ಕುಗ್ಗುತ್ತದೆ. ಅದಕ್ಕೇ ಮಾದರಿಯನ್ನು ನಿಜವಾದ ಕೈಗಿಂತ ತುಸು ದಪ್ಪ ಮಾಡಬೇಕು. ಅಪ್ಪ ಪ್ಲಾಸ್ಟರಿನ ಕೈಯ ಮೇಲೆ ಮೇಣದ ತೆಳು ಪದರ ಏರಿಸುತ್ತಾರೆ, ಹೆಬ್ಬೆರಳಿನಿಂದ ಒತ್ತಿ ಒತ್ತಿ. ಎಲ್ಲಿ ಎಲುಬು, ಎಲ್ಲಿ ಮಾಂಸ, ಮಡಚಿದರೆ ಚರ್ಮ ಎಲ್ಲಿ ಹಿಗ್ಗುತ್ತದೆ ಎಂದು ಬೆರಳಿಗೇ ಗೊತ್ತಾಗುವ ತನಕ. ಗಿಣಿಯ ನಿಜವಾದ ಕೈಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಮೇಣ ಒತ್ತುತ್ತ ಅವರು ಬೆಳಗಿನಿಂದ ಕೂತಿದ್ದರು. ಮಧ್ಯೆ ಒಮ್ಮೆ ಅಮ್ಮನ ಕೈಯನ್ನು ಶೆಲ್ಫಿನಿಂದ ಇಳಿಸಿ ಪಕ್ಕದಲ್ಲಿ ಇಟ್ಟುಕೊಂಡರು, ಅಳತೆಗೆ ಇರಬೇಕು. ನೋಡಿದರು, ಮೇಣ ಒತ್ತಿದರು, ಮತ್ತೆ ನೋಡಿದರು. ಆಮೇಲೆ ಅಮ್ಮನ ಕೈಯನ್ನು ಎತ್ತಿ ವಾಪಸ್ಸು ಇಟ್ಟುಬಿಟ್ಟರು.

‘ಇದು ಅಳತೆಗೆ ಬರಲ್ಲ,’ ಎಂದರು. ಗಿಣಿಯ ಮುಖ ಸಣ್ಣದಾಯಿತು. ಅಪ್ಪ ಅವಳ ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ‘ಇಲ್ಲಿವರೆಗೂ ನಾನು ಇದನ್ನ ಐದರಲ್ಲಿ ಎರಡು ಕಳೆದ ಕೈ ಅನ್ಕೊಂಡಿದ್ದೆ. ಅಲ್ಲ. ಹೆಬ್ಬೆರಳ ಬುಡ ನೋಡು, ಎಷ್ಟು ಅಗಲ ಇದೆ. ಈ ಎಲುಬು ನೋಡು, ಬೇರೆ ಯಾರಿಗೂ ಹೀಗೆ ಈಚೆ ವಾಲಿರಲ್ಲ. ಇದು ಮೂರಕ್ಕೇ ಅಂತ ಮಾಡಿದ ಕೈ. ಮಾಡಿದವನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿಲ್ಲ.’

ಅವಳ ಕೈಯನ್ನು ಅವರು ಕೂಡಲೇ ಬಿಡಲಿಲ್ಲ. ಗಿಣಿ ಆ ಮೂರು ಬೆರಳಿಂದ ಅಪ್ಪನ ಹೆಬ್ಬೆರಳನ್ನು ಸುತ್ತಿ ಹಿಡಿದಳು. ನಾನು ಸುಮ್ಮನೆ ಬಕೆಟ್ಟು ತೊಳೆಯಲು ಆಚೆ ಬಂದೆ, ಎರಡು ಸಲ ತೊಳೆದೆ.

ಮೊದಲನೇ ಪಿಂಗಾಣಿ ಕೈ ಭಟ್ಟಿಯಲ್ಲಿ ಸೀಳುಬಿಟ್ಟಿತು. ಎರಡನೆಯದು ನೆಟ್ಟಗೆ ಬರುವಷ್ಟರಲ್ಲಿ ತಿಂಗಳು ಮುಗಿಯುತ್ತ ಬಂದಿತ್ತು. ಮರುದಿನ ಬೆಳಿಗ್ಗೆ ದೊಡ್ಡ ಸಿಸ್ಟರ ಎದುರು ಪರೀಕ್ಷೆ. ಗ್ಲೌಸನ್ನು ಆಸ್ಪತ್ರೆಯಲ್ಲಿ ಆವಿಯಲ್ಲಿ ಶುದ್ಧ ಮಾಡಬೇಕಾದ್ದರಿಂದ ಆ ಸಂಜೆಯೊಳಗೆ ಅಲ್ಲಿ ತಲುಪಿರಬೇಕು. ಮ್ಯಾನೇಜರು ಒಪ್ಪಿದ್ದರು. ಮಧ್ಯಾಹ್ನ ಊಟದ ಗಂಟೆಗೆ ಚೈನು ನಿಲ್ಲಿಸಿ ತೊಟ್ಟಿ ತೊಳೆಯುವ ಕೆಲಸ ಇತ್ತು. ಅದಕ್ಕೆ ಮುಂಚಿನ ಕೊನೆಯ ಸುತ್ತುಗಳಲ್ಲಿ ಅಮ್ಮನ ಅಚ್ಚಿನ ಎಡಗೈಗಳಲ್ಲಿ ಒಂದನ್ನು ಕಳಚಿ ಅಲ್ಲಿ ಗಿಣಿಯ ಕೈ ಹಾಕಿಕೊಳ್ಳಿ ಎಂದಿದ್ದರು. ಅಪ್ಪ ಹಿಗ್ಗಿನಲ್ಲಿ ಹಾಲಿನ ತೊಟ್ಟಿಯವರಿಗೆ ಹೇಳಿದರು, ಗೂಡಿನವರಿಗೆ ಹೇಳಿದರು, ಸುಲಿಯುವ ಹೆಂಗಸರಿಗೆ ಹೇಳಿದರು, ಟೀ ತರುವವರಿಗೂ ಹೇಳಿದರು. ತಪಾಸಣೆಯ ಕೋಣೆಯಲ್ಲಿ ಮಗಳೇ ಇದ್ದಾಳಲ್ಲ, ಅವಳು ಹೇಳಿರುತ್ತಾಳೆ ಎಂದುಕೊಂಡರು. ನಾನು, ಎಲ್ಲರಿಗೂ ಹೇಳುತ್ತಿರುವ ಅಪ್ಪ ಹದ್ದಮ್ಮನಿಗೆ ಮೊದಲೇ ಹೇಳಿರುತ್ತಾರೆ ಎಂದುಕೊಂಡೆ. ಗಿಣಿಯ ಗ್ಲೌಸು ಬಂದ ಬುಟ್ಟಿ ನನ್ನ ಮೇಜಿಗೆ ಬರಲಿಲ್ಲ. ಕೋಣೆಯ ಆ ತುದಿಯಲ್ಲಿದ್ದ ಹದ್ದಮ್ಮನ ಮೇಜಿಗೆ ಹೋಯಿತು.

ಗ್ಲೌಸಿನ ಬೆರಳು ಒಳಗೆ ಅಂಟಿಕೊಂಡಿದ್ದರೆ ಮೂರೋ ನಾಲ್ಕೋ ಬೆರಳಿನ ಹಾಗೆ ಕಾಣುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಹದ್ದಮ್ಮ ಅದನ್ನು ಉಬ್ಬಿಸಿ ನೋಡಿದರು. ಎರಡು ಬೆರಳು ಕಾಣಲಿಲ್ಲ. ಒಳಗೆ ಅಂಟಿರಬೇಕೆಂದು ಕಡ್ಡಿ ಹಾಕಿ ಎಳೆದರು. ಬರಲಿಲ್ಲ. ಕತ್ತರಿಸಿ ಡಬ್ಬಕ್ಕೆ ಎಸೆದರು. ಇನ್ನೊಂದು ಬಂತು, ಅದಕ್ಕೂ ಅದೇ. ‘ಏನ್ರೀ ಇವತ್ತು, ಎಲ್ಲ ಬೆರಳು ಕಮ್ಮಿ ಬರ್ತಿದೆ’ ಎಂದು ಗೊಣಗಿಕೊಂಡೇ, ಬಂದದ್ದನ್ನೆಲ್ಲ ಕತ್ತರಿಸಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಚೈನು ನಿಂತಿತು.

ಅಪ್ಪ ಪೇಪರು ಹಾಸಿದ ಡಬ್ಬಿ ಹಿಡಿದು ಗ್ಲೌಸು ತೆಗೆದುಕೊಂಡು ಹೋಗಲು ಬಂದರು. ಜೊತೆಯಲ್ಲಿ ಗಿಣಿ. ಅವಳು ಆಸ್ಪತ್ರೆಯಿಂದ ಓಡೋಡಿ ಬಂದಿದ್ದಳು. ನಾನು ಎದ್ದುನಿಂತೆ. ಹದ್ದಮ್ಮ, ಏನು ಅಪ್ಪ ಮಕ್ಕಳ ಮೆರವಣಿಗೆ ಎಂದರು. ಅಪ್ಪ ವಿಷಯ ಹೇಳಿದರು. ಹದ್ದಮ್ಮ ಮೊದಲು ಅರ್ಥವಾಗದೆ ನೋಡಿದರು. ಆಮೇಲೆ ಡಬ್ಬದ ಕಡೆ ತಿರುಗಿದರು, ಆಮೇಲೆ ಗಿಣಿಯ ಕೈ ಕಡೆ. ಎಷ್ಟೋ ವರ್ಷದಿಂದ ಯಾವ ತಪ್ಪನ್ನೂ ಬಿಡದ ಹೆಂಗಸು ಕುರ್ಚಿಯಿಂದ ಎದ್ದು, ಡಬ್ಬದಿಂದ ಕತ್ತರಿಸಿದ ಒಂದು ಚೂರು ತೆಗೆದು ಅಂಗೈಯಲ್ಲಿ ಹರಡಿಕೊಂಡರು.

‘ನನ್ನ ಕಣ್ಣಿಗಿಷ್ಟು ಬೆಂಕಿ ಬೀಳ,’ ಎಂದರು. ‘ಮಗು ಕೈನ ನಾನು ಕತ್ತರಿಸಿಬಿಟ್ನಲ್ಲೇ.’

ಗಿಣಿ ಅಳುತ್ತಾಳೆ ಎಂದುಕೊಂಡೆ. ಅವಳು, ‘ಬಿಡಿ ಆಂಟಿ, ದೇವರಾಣೆಗೂ ನೋವಾಗಲಿಲ್ಲ’ ಎಂದುಬಿಟ್ಟಳು. ಗೂಡಿನ ಕಡೆಯ ಒಬ್ಬ ಗಂಡಸು ಕಿಸಕ್ಕನೆ ನಕ್ಕ. ಆದರೆ ಅವಳ ಎಡಗೈ ಮತ್ತೆ ದುಪ್ಪಟ್ಟದ ಅಂಚು ಹುಡುಕುತ್ತಿತ್ತು.

ನಾನು ಹೋಗಿ ಆ ಕೈ ಹಿಡಿದುಕೊಂಡೆ. ಹಿಡಿದುಕೊಂಡ ಮೇಲೆ ನನ್ನ ಬಾಯಿಂದ ಮಾತು ಬಂತು. ಕೋಣೆಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಬಂತು.

‘ಅಪ್ಪಾ, ತೊಟ್ಟಿ ಇನ್ನೂ ಖಾಲಿ ಮಾಡಿಲ್ಲ. ಕೈಯಲ್ಲೇ ಅದ್ದೋಣ.’

ಚೈನು ಬರುವುದಕ್ಕೆ ಮುಂಚೆ ಅಚ್ಚನ್ನು ಕೈಯಲ್ಲೇ ಹಿಡಿದು ಅದ್ದುತ್ತಿದ್ದರಂತೆ. ಹಾಗೆ ಅದ್ದಿ ಗೊತ್ತಿದ್ದವರು ಆ ಕಾರ್ಖಾನೆಯಲ್ಲಿ ಇಬ್ಬರೇ, ಅಪ್ಪ ಮತ್ತು ಹದ್ದಮ್ಮ. ಹದ್ದಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಾಗಿತ್ತು. ತೊಟ್ಟಿಯ ತಿರುಪು ಬಿಚ್ಚಲು ಕೂತಿದ್ದವನನ್ನು ಎಬ್ಬಿಸಿದರು. ಊಟದ ಡಬ್ಬಿ ತೆರೆದಿದ್ದವರು ಮುಚ್ಚಿ ಎದ್ದರು. ಮ್ಯಾನೇಜರು ಆಫೀಸಿನ ಬಾಗಿಲಿಗೆ ಬಂದು, ತೊಟ್ಟಿ ತೊಳೆಯುವುದು ತಡವಾಗುತ್ತದಲ್ಲ ಎಂದು ಏನೋ ಹೇಳಹೊರಟರು. ಹದ್ದಮ್ಮ ಅವರ ಕೈಗೂ ಒಂದು ಒಣಬಟ್ಟೆ ಕೊಟ್ಟು, ಹಿಡ್ಕೊಂಡು ನಿಂತಿರಿ ಸಾರ್ ಎಂದರು. ಅವರು ಹಿಡಿದುಕೊಂಡು ನಿಂತರು.

ಅಪ್ಪ ಗಿಣಿಯ ಪಿಂಗಾಣಿ ಕೈಯನ್ನು ಬುಡದಲ್ಲಿ ಹಿಡಿದು ಮೊದಲು, ಹಾಲು ಅಂಟಿ ಹೆಪ್ಪುಗಟ್ಟಲೆಂದು, ಉಪ್ಪುನೀರಿನಂಥ ಔಷಧಿಯಲ್ಲಿ ಅದ್ದಿದರು. ಒಣಗಿಸಿ, ಹಾಲಿನ ತೊಟ್ಟಿಯ ಮೇಲೆ ಬಾಗಿದರು. ಗುಳ್ಳೆ ಏಳದ ಹಾಗೆ ನಿಧಾನವಾಗಿ ಇಳಿಸಬೇಕು, ನಿಧಾನವಾಗಿ ಎತ್ತಬೇಕು, ಎತ್ತುವಾಗ ಹಾಲು ಬೆರಳ ತುದಿಯಲ್ಲಿ ಗಂಟುಕಟ್ಟದಂತೆ ತಿರುಗಿಸುತ್ತ ಇರಬೇಕು. ಅವರು ಆತುರಕ್ಕೆ ಬೇಗ ಎತ್ತಿಬಿಟ್ಟರು. ಮೊದಲನೆಯದು ಕೆಟ್ಟಿತು. ಹದ್ದಮ್ಮ, ಇತ್ತ ಕೊಡಿ ಮೇಸ್ತ್ರಿ ಎಂದು ಈಸಿಕೊಂಡು ತಾವು ಅದ್ದಿದರು. ಹೆತ್ತ ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ಇತ್ತು ಅವರ ಕೈಯಾಡುತ್ತಿದ್ದ ರೀತಿ. ಎತ್ತಿದಾಗ ಹಾಲು ಕನ್ನಡಿಯಂತೆ ಕೂತಿತ್ತು. ಅಲ್ಲಿಂದ ಗೂಡಿನವರು, ಗೂಡಿನಿಂದ ಬಿಸಿನೀರಿನವರು, ಅಲ್ಲಿಂದ ಪುಡಿ ಹಚ್ಚುವವರು, ಹೀಗೆ ಚೈನು ಮಾಡುವ ಕೆಲಸವನ್ನು ಜನ ಸಾಲುನಿಂತು ಮಾಡಿದರು. ಒಬ್ಬರ ಕೈಯಿಂದ ಒಬ್ಬರ ಕೈಗೆ ಆ ಮೂರು ಬೆರಳಿನ ಕೈ ದಾಟಿಕೊಂಡು ಬಂತು, ಮತ್ತೆ ತೊಟ್ಟಿಗೆ ಹೋಯಿತು, ಮತ್ತೆ ಬಂತು. ಅದನ್ನು ಕಾಯುತ್ತ ನಿಂತಿದ್ದವರು ತಮ್ಮ ಕೈಗಳನ್ನೇ ಹೊಸದಾಗಿ ನೋಡಿಕೊಳ್ಳುತ್ತಿದ್ದರು. ಸುಟ್ಟ ಕಲೆ ಇದ್ದ ಕೈ, ಗೆಣ್ಣು ಊದಿದ ಕೈ, ತುದಿ ಕತ್ತರಿಸಿಹೋದ ಕಿರುಬೆರಳು. ಅಷ್ಟು ಜನರಲ್ಲಿ ಅಮ್ಮನ ಏಳನೇ ಸೈಜಿನ ಹಾಗೆ ತಿದ್ದಿ ತೀಡಿದಂಥದ್ದು ಒಂದೂ ಇರಲಿಲ್ಲ. ಅದ್ದಿದ್ದು, ಸುಲಿದದ್ದು, ಒರೆಸಿದ್ದು ಎಲ್ಲ ಆ ಕೈಗಳೇ.

ಕೊನೆಗೆ ಸುಲಿದ ಗ್ಲೌಸುಗಳು ನನ್ನ ಮೇಜಿಗೆ ಬಂದವು. ‘ನಾನು ನೋಡಲ್ಲ, ನನ್ನ ಕಣ್ಣನ್ನ ಇವತ್ತು ನಾನು ನಂಬಲ್ಲ. ನೀನೇ ನೋಡು’ ಎಂದರು ಹದ್ದಮ್ಮ.

ನಳಿಗೆಗೆ ಸಿಕ್ಕಿಸಿ ಪೆಡಲು ತುಳಿದೆ. ಅದು ಉಬ್ಬಿತು. ದೀಪದೆದುರು ತಿರುಗಿಸಿದೆ. ಅಗಲವಾದ ಹೆಬ್ಬೆರಳ ಬುಡ, ಈಚೆ ವಾಲಿದ ಎಲುಬಿನ ಉಬ್ಬು, ಎರಡು ನೀಳ ಬೆರಳು. ಬೆಳಕು ಅದರ ಒಳಗೆ ತುಂಬಿಕೊಂಡು ನಿಂತಿತ್ತು. ತೂತು ಇಲ್ಲ, ಗುಳ್ಳೆ ಇಲ್ಲ. ಒಂದೊಂದನ್ನೂ ಹಾಗೇ ನೋಡಿದೆ. ಕೊನೆಯದನ್ನು ಉಬ್ಬಿಸಿ ತಲೆಯ ಮೇಲೆ ಎತ್ತಿ ಹಿಡಿದೆ. ಹದ್ದಮ್ಮ ನನ್ನ ಪರವಾಗಿ ಕೂಗಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿದರು.

‘ಕೈ ಪೂರ್ತಿ!’

ನನ್ನ ಸ್ವರ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ತಗಡಿನ ಮಾಡಿಗೆ ಬಡಿದು ವಾಪಸ್ಸು ಬಂತು. ಪೂರ್ತಿ ಎಂದು ತಲೆ ತಗ್ಗಿಸಿಕೊಂಡೇ ಹೇಳುವ ಜನ ಅವತ್ತು ಒಬ್ಬರೂ ತಲೆ ತಗ್ಗಿಸಿರಲಿಲ್ಲ. ತೊಟ್ಟಿಯವರು, ಗೂಡಿನವರು, ಒಣಬಟ್ಟೆ ಹಿಡಿದ ಮ್ಯಾನೇಜರು, ಎಲ್ಲರೂ ಒಟ್ಟಿಗೇ ಕೂಗಿದರು. ಅಪ್ಪ ಮಾತ್ರ ಕೂಗಲಿಲ್ಲ. ಗಿಣಿಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

ಮರುದಿನದ್ದು ಅವಳು ಮನೆಗೆ ಬಂದು ಹೇಳಿದ್ದು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು, ಅಜ್ಜಿ ಕೊಟ್ಟ ಟೀ ಅವತ್ತೂ ಆರಿಹೋಯಿತು. ಬಲಗೈಗೆ ಏಳನೇ ಸೈಜು, ಅಂದರೆ ಅಮ್ಮನ ಕೈ. ಎಡಗೈಗೆ ತನ್ನದೇ. ದೊಡ್ಡ ಸಿಸ್ಟರ್ ಎರಡನ್ನೂ ಎಳೆದು, ಒತ್ತಿ, ಬೆರಳ ಸಂದು ಸಂದನ್ನೂ ನೋಡಿದರಂತೆ. ಆಮೇಲೆ ಥಿಯೇಟರಿನ ಬಾಗಿಲು ತೆರೆದರಂತೆ. ಮೇಜಿನ ಮೇಲೆ ಒಬ್ಬರು ಮುದುಕಿ. ಮಂಪರಿನ ಮದ್ದು ಇನ್ನೂ ಪೂರ್ತಿ ಏರಿರಲಿಲ್ಲ. ಹೆದರಿಕೆಯಿಂದ ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಗಿಣಿ ಹತ್ತಿರ ಹೋಗಿ ಕೈ ಕೊಟ್ಟಳು. ಸಿಕ್ಕಿದ್ದು ಎಡಗೈ. ಮುದುಕಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ‘ದೇವರು ಬಂದ ಹಾಗೆ ಬಂದೆ ಕಣಮ್ಮ’ ಎಂದು ನಿದ್ದೆಹೋದರಂತೆ. ಆಮೇಲೆ ಆ ಗ್ಲೌಸು ಬದಲಾಯಿಸಿ ಹೊಸದು ಹಾಕಿಕೊಳ್ಳಬೇಕಾಯಿತು. ಹದ್ದಮ್ಮ ಹೆಚ್ಚಿಗೆ ಅದ್ದಿಸಿದ್ದು ಒಳ್ಳೆಯದೇ ಆಯಿತು.

‘ಆಮೇಲೆ? ಡಾಕ್ಟರು ಏನಂದ್ರು?’ ಎಂದೆ.

‘ಏನೂ ಅನ್ನಲಿಲ್ಲ ಅಕ್ಕ. ಅದೇ ತಾನೇ ಹೇಳ್ತಿರೋದು. ಶುರುವಿಂದ ಕೊನೇವರೆಗೂ ಕೈ ಚಾಚ್ತಿದ್ರು, ನಾನು ಇಡ್ತಿದ್ದೆ. ಒಂದು ಸಲಾನೂ ತಲೆ ಎತ್ತಿ ನೋಡಲಿಲ್ಲ.’ ಅವಳು ಎರಡೂ ಕೈ ಮೇಲೆತ್ತಿ ಕುಣಿದೇಬಿಟ್ಟಳು. ‘ಸೋಮವಾರದಿಂದ ಥಿಯೇಟರು.’

ಅಜ್ಜಿ ಅಪ್ಪನ ಕಡೆ ತಿರುಗಿ, ‘ಎಣಿಸ್ಕೊಂಡಾಯ್ತೇನೋ ಬೆರಳನ್ನ?’ ಎಂದಳು. ಅಪ್ಪ ನಕ್ಕರು. ನೀರಿನ ತೊಟ್ಟಿಯಲ್ಲಿ ಬೆರಳು ತೇಲಿದ ದಿನ ನಗದೆ ಉಳಿಸಿಕೊಂಡಿದ್ದನ್ನೂ ಸೇರಿಸಿ ನಕ್ಕರು. ಆಮೇಲೆ ಎದ್ದು ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಇಟ್ಟಿದ್ದ ಆ ಹಳೆಯ ರಬ್ಬರ್ ಬೆರಳುಗಳನ್ನು ತಂದು ಗಿಣಿಯ ಎದುರು ಇಟ್ಟರು. ಎಸೆದುಬಿಡು ಎಂದರು. ಅವಳು ಎಸೆಯಲಿಲ್ಲ. ಒಂದನ್ನು ಅಜ್ಜಿಯ ಟೀ ಲೋಟದೊಳಗೆ ಹಾಕಿಟ್ಟಳು.

ಈಗ ಅಪ್ಪನ ಶೆಲ್ಫಿನಲ್ಲಿ ಅಮ್ಮನ ಕೈಯ ಪಕ್ಕದಲ್ಲಿ ಗಿಣಿಯ ಕೈ ಇದೆ. ಅದರ ಆಚೆ ಇನ್ನೂ ಕೆಲವು ಬಂದಿವೆ. ಮರಗೆಲಸದಲ್ಲಿ ಬೆರಳು ಕಳೆದುಕೊಂಡು ಈಗ ಆಂಬುಲೆನ್ಸಿನಲ್ಲಿ ಕೆಲಸ ಮಾಡುವವನೊಬ್ಬನದು, ಆರು ಬೆರಳಿನ ಡಾಕ್ಟರೊಬ್ಬರದು. ದೊಡ್ಡ ಸಿಸ್ಟರೇ ಕಳಿಸಿದವರು. ಅವರೆಲ್ಲ ಮೊದಲ ದಿನ ಕೈಯನ್ನು ಜೇಬಿನಲ್ಲೋ ಬೆನ್ನ ಹಿಂದೆಯೋ ಇಟ್ಟುಕೊಂಡು ಬರುತ್ತಾರೆ. ಅಪ್ಪ ಸ್ಟೂಲು ಎಳೆದು ಕೂರಿಸಿ, ಆ ಕೈ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ತಮ್ಮ ಹಳೆಯ ಮಾತನ್ನು ಹೇಳುತ್ತಾರೆ, ದೇವರ ಹೋಲಿಕೆಯ ಮಾತನ್ನು. ಅದರಲ್ಲಿ ಒಂದಕ್ಷರವೂ ಬದಲಾಗಿಲ್ಲ. ಈಗ ಮನೆಯಲ್ಲೂ ಹೇಳುತ್ತಾರೆ, ಅದೂ ಊಟದ ಮಧ್ಯೆ.

ನನ್ನ ಬುಟ್ಟಿ ಮುಗಿದಾಗ ನಾನೇ ಕೂಗುತ್ತೇನೆ. ಸ್ವಲ್ಪ ಮೆಲ್ಲಗೆ ಕೂಗೇ ಮಾರಾಯ್ತಿ, ಕಿವಿ ತೂತಾಗುತ್ತೆ ಎಂದು ಹದ್ದಮ್ಮ ಬೈಯುತ್ತಾರೆ.